ನಳಿಗೆಯ ತೂತಿಗೊಂದು ಸ್ಯಾಡಲ್: ರೈಫಲ್‌ನ ಗ್ಯಾಸ್ ಬ್ಲಾಕ್ ಆರಿಸುವ, ಕೂರಿಸುವ ಬಗೆ

ಭಾರತೀಯ ಸೇನೆಗಾಗಿ 72,400 ಸಿಗ್ 716 ರೈಫಲ್‌ಗಳನ್ನು ಅಮೆರಿಕದಿಂದ ತರಿಸಿಕೊಳ್ಳುವ ಒಪ್ಪಂದ 2019ರಲ್ಲಿ ಆಯಿತು. 2021ರ ಡಿಸೆಂಬರಿನಲ್ಲಿ, ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೋರ್ವಾದಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್‌ಗಳನ್ನು ತಯಾರಿಸುವ ಒಪ್ಪಂದಕ್ಕೆ ರಷ್ಯಾದೊಂದಿಗೆ ಸಹಿ ಬಿತ್ತು. ಇಂಥ ಸುದ್ದಿಗಳಲ್ಲಿ ‘ಗ್ಯಾಸ್ ಆಪರೇಟೆಡ್’ ಎಂಬ ಮಾತು ಬಂದೇ ಬರುತ್ತದೆ, ಆದರೆ ಅದರ ಅರ್ಥವೇನೆಂದು ಬಿಡಿಸಿ ಹೇಳುವವರು ಕಡಿಮೆ. ಇತ್ತ ಅಮೆರಿಕದಲ್ಲಿ ನೆಲೆಸಿ, ಬಿಡುವಿನ ದಿನ ಶೂಟಿಂಗ್ ರೇಂಜಿಗೆ ಹೋಗುವ ಕನ್ನಡಿಗರಿಗೆ ಇದೇ ಮಾತು ಬೇರೆ ರೂಪದಲ್ಲಿ ಎದುರಾಗುತ್ತದೆ: ಅಲ್ಲಿ ಲಕ್ಷಾಂತರ ಮಂದಿ ಇಟ್ಟುಕೊಂಡಿರುವ ಎಆರ್-15 ಮಾದರಿಯ ರೈಫಲ್‌ಗೆ ‘ಲೋ-ಪ್ರೊಫೈಲ್ ಗ್ಯಾಸ್ ಬ್ಲಾಕ್’ ಯಾವುದು ಹಾಕಿಸಬೇಕು ಎಂದು ಅಂಗಡಿಯವನು ಕೇಳುತ್ತಾನೆ. ಹೆಬ್ಬೆರಳ ಗಾತ್ರದ ಆ ಉಕ್ಕಿನ ತುಂಡು ಮಾಡುವ ಕೆಲಸ ಅರ್ಥವಾದರೆ ಅದನ್ನು ಆರಿಸುವುದೂ ಕೂರಿಸುವುದೂ ಹೆಚ್ಚುಕಡಿಮೆ ತಾನಾಗಿಯೇ ತಿಳಿಯುತ್ತದೆ. ಆದ್ದರಿಂದ ಈ ಲೇಖನ ಅಲ್ಲಿಂದಲೇ ಹೊರಡುತ್ತದೆ.

ಕೇಪಿನ ಕೋವಿಯಿಂದ ಸ್ವಯಂ ತುಂಬಿಕೊಳ್ಳುವ ರೈಫಲ್‌ವರೆಗೆ

ಮಲೆನಾಡಿನ ಹಳೆಯ ಮನೆಗಳಲ್ಲಿದ್ದ ಕೇಪಿನ ಕೋವಿಗೆ ಪ್ರತಿ ಈಡಿಗೂ ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ಗಜದಿಂದ ಜಡಿದು, ಕೇಪು ಇಡಬೇಕಿತ್ತು. ತೋಟಾ ಕೋವಿ ಬಂದಾಗ ಮದ್ದು, ಗುಂಡು, ಕೇಪು ಮೂರೂ ಒಂದೇ ಕೊಳವೆಯಲ್ಲಿ ಸೇರಿದವು, ಆದರೂ ಖಾಲಿ ತೋಟಾ ತೆಗೆದು ಹೊಸದನ್ನು ಹಾಕುವ ಕೆಲಸ ಕೈಗೇ ಉಳಿಯಿತು. ಪೊಲೀಸರ ಕೈಯಲ್ಲಿ ನಾವು ಬಹುಕಾಲ ನೋಡಿದ .303 ರೈಫಲ್‌ನಲ್ಲಿಯೂ ಪ್ರತಿ ಗುಂಡಿಗೊಮ್ಮೆ ಬೋಲ್ಟನ್ನು ಎಳೆದು ತಳ್ಳಲೇಬೇಕು. ಇಲ್ಲಿ ಬೋಲ್ಟ್ ಎಂದರೆ ತೋಟಾ ಕೂರುವ ಕೋಣೆಯನ್ನು ಹಿಂದಿನಿಂದ ಭದ್ರವಾಗಿ ಮುಚ್ಚುವ ಉಕ್ಕಿನ ಅಗುಳಿ.

ಈ ಎಳೆದು ತಳ್ಳುವ ಕೆಲಸವನ್ನು ಬಂದೂಕೇ ಮಾಡಿಕೊಂಡರೆ ಅದು ಸೆಲ್ಫ್ ಲೋಡಿಂಗ್ ರೈಫಲ್. ನಮ್ಮ ಪೊಲೀಸರು ಮತ್ತು ಸೈನಿಕರು ‘ಎಸ್‌ಎಲ್‌ಆರ್’ ಎಂದು ಕರೆಯುತ್ತ ಬಂದಿರುವ, ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾದ ರೈಫಲ್‌ನ ಹೆಸರೇ ಇದನ್ನು ಹೇಳುತ್ತದೆ. ಆ ಕೆಲಸಕ್ಕೆ ಬೇಕಾದ ಶಕ್ತಿ ಬರುವುದು ಮದ್ದು ಉರಿದಾಗ ಹುಟ್ಟುವ ಗ್ಯಾಸಿನಿಂದ. ಅಡುಗೆಮನೆಯ ಪ್ರೆಶರ್ ಕುಕ್ಕರ್ ವಿಷಲ್ ಹಾಕುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಹೆಚ್ಚಿರುತ್ತದೆ. ಎಆರ್-15ರಲ್ಲಿ ಬಳಸುವ .223 ರೆಮಿಂಗ್ಟನ್ ತೋಟಾ ಸಿಡಿದಾಗ ಕೋಣೆಯೊಳಗಿನ ಒತ್ತಡ ಚದರ ಅಂಗುಲಕ್ಕೆ 55,000 ಪೌಂಡ್‌ಗಳವರೆಗೆ ಏರಬಹುದು. ಗುಂಡನ್ನು ಮುಂದಕ್ಕೆ ತಳ್ಳುವುದು ಈ ಒತ್ತಡವೇ. ಅದರಲ್ಲೊಂದು ಚೂರನ್ನು ಪಕ್ಕಕ್ಕೆ ತಿರುಗಿಸಿಕೊಂಡು ಬೋಲ್ಟ್ ಎಳೆಯಲು ಬಳಸಿಕೊಳ್ಳುವ ಏರ್ಪಾಡಿಗೇ ‘ಗ್ಯಾಸ್ ಆಪರೇಟೆಡ್’ ಎಂದು ಹೆಸರು.

ಪೈಪಿಗೆ ಸ್ಯಾಡಲ್ ಹಾಕುವ ಕೆಲಸ

ತೋಟಕ್ಕೆ ನೀರು ಹಾಯಿಸುವವರಿಗೆ ಈ ಏರ್ಪಾಡು ಹೊಸದಲ್ಲ. ಮುಖ್ಯ ಪಿವಿಸಿ ಪೈಪಿನಿಂದ ಒಂದು ಕವಲು ಬೇಕಾದಾಗ ಪೈಪನ್ನು ತುಂಡರಿಸುವುದಿಲ್ಲ. ಪಕ್ಕದಲ್ಲಿ ಒಂದು ತೂತು ಕೊರೆದು, ಅದರ ಮೇಲೆ ಸರ್ವೀಸ್ ಸ್ಯಾಡಲ್ ಕೂರಿಸಿ, ಸ್ಯಾಡಲ್‌ನ ಬಾಯಿಗೆ ಸಣ್ಣ ಪೈಪು ಜೋಡಿಸುತ್ತಾರೆ. ಸ್ಯಾಡಲ್‌ನ ತೂತು ಪೈಪಿನ ತೂತಿಗೆ ಸರಿಯಾಗಿ ಕೂತರೆ ನೀರು ಹರಿಯುತ್ತದೆ, ಅರ್ಧ ಜರುಗಿದ್ದರೆ ನೂಲಿನಂತೆ ಬರುತ್ತದೆ, ಸಡಿಲವಿದ್ದರೆ ಸುತ್ತಲೂ ಸೋರುತ್ತದೆ.

ರೈಫಲ್‌ನ ನಳಿಗೆಯ ಮೇಲ್ಭಾಗದಲ್ಲಿ ಇಂಥದೇ ಒಂದು ಸಣ್ಣ ತೂತು ಇರುತ್ತದೆ, ಅದು ಗ್ಯಾಸ್ ಪೋರ್ಟ್. ಅದರ ಮೇಲೆ ಬಳೆಯಂತೆ ನಳಿಗೆಯನ್ನು ಸುತ್ತುವರಿದು ಕೂರುವ ಸ್ಯಾಡಲ್ಲೇ ಗ್ಯಾಸ್ ಬ್ಲಾಕ್. ಅಲ್ಲಿಂದ ಹಿಂದಕ್ಕೆ, ನಳಿಗೆಗೆ ಸಮಾನಾಂತರವಾಗಿ ಓಡುವ ತೆಳುವಾದ ಸ್ಟೇನ್‌ಲೆಸ್ ಕೊಳವೆ ಗ್ಯಾಸ್ ಟ್ಯೂಬ್. ಗುಂಡು ಪೋರ್ಟನ್ನು ದಾಟಿದ ಕ್ಷಣ ಗ್ಯಾಸಿನ ಒಂದು ಪಾಲು ಬ್ಲಾಕಿಗೆ ನುಗ್ಗಿ, ಟ್ಯೂಬಿನೊಳಗೆ ಹಿಂದಕ್ಕೆ ಹರಿದು, ಬೋಲ್ಟನ್ನು ಹೊತ್ತಿರುವ ಬೋಲ್ಟ್ ಕ್ಯಾರಿಯರ್ ಎಂಬ ಉಕ್ಕಿನ ಉರುಳೆಯೊಳಗೆ ಸೇರಿ ಹಿಗ್ಗುತ್ತದೆ. ಕ್ಯಾರಿಯರ್ ಹಿಂದಕ್ಕೆ ಸರಿಯುತ್ತದೆ, ಬೋಲ್ಟ್ ತಿರುಗಿ ಬೀಗ ಬಿಚ್ಚಿಕೊಳ್ಳುತ್ತದೆ, ಖಾಲಿ ತೋಟಾ ಹೊರಕ್ಕೆ ಹಾರುತ್ತದೆ. ಹಿಂದಿನ ಸ್ಪ್ರಿಂಗ್ ಕ್ಯಾರಿಯರನ್ನು ಮತ್ತೆ ಮುಂದಕ್ಕೆ ದಬ್ಬುವಾಗ ಮ್ಯಾಗಜಿನ್ ಎಂಬ ತೋಟಾ ಪೆಟ್ಟಿಗೆಯಿಂದ ಹೊಸ ತೋಟಾ ಕೋಣೆ ಸೇರುತ್ತದೆ.

ಇದು ಅಮೆರಿಕದ ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಆರ್ಮಲೈಟ್ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಕ್ರಮ. ಎಕೆ ಮಾದರಿಯಲ್ಲಿ, ನಮ್ಮ ಸೇನೆಯ ಇನ್ಸಾಸ್ ರೈಫಲ್‌ನಲ್ಲಿ ಗ್ಯಾಸ್ ಅಷ್ಟು ದೂರ ಪಯಣಿಸುವುದಿಲ್ಲ. ಬ್ಲಾಕಿನ ಬಳಿಯೇ ಒಂದು ಪಿಸ್ಟನ್ನನ್ನು ತಳ್ಳಿ ತನ್ನ ಕೆಲಸ ಮುಗಿಸುತ್ತದೆ. ತೂತು, ಅದರ ಮೇಲೊಂದು ಬ್ಲಾಕ್ ಎಂಬ ಮೂಲ ಏರ್ಪಾಡು ಮಾತ್ರ ಎಲ್ಲದರಲ್ಲೂ ಒಂದೇ.

ಈ ಯೋಚನೆ ಸ್ಟೋನರ್‌ಗಿಂತ ಹಳೆಯದು. ಯೂಟಾ ರಾಜ್ಯದ ಆಗ್ಡೆನ್‌ನ ಜಾನ್ ಬ್ರೌನಿಂಗ್ 1889ರಲ್ಲಿಯೇ ನಳಿಗೆಯ ಬಾಯಿಂದ ವ್ಯರ್ಥವಾಗಿ ಹೋಗುವ ಗ್ಯಾಸನ್ನು ದುಡಿಸಿಕೊಳ್ಳುವ ಪ್ರಯೋಗಕ್ಕೆ ಕೈ ಹಾಕಿದ್ದರು. ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡ ಗರಾಂಡ್ ರೈಫಲ್‌ನ ಮೊದಲ ತಂಡಗಳಲ್ಲಿ ನಳಿಗೆಗೆ ತೂತೇ ಇರಲಿಲ್ಲ, ಬಾಯಿಯ ತುದಿಯಲ್ಲೊಂದು ಗೂಡು ಕಟ್ಟಿ ಗ್ಯಾಸನ್ನು ಹಿಡಿಯುತ್ತಿದ್ದರು. ಆ ಗೂಡು ತೊಡಕಾಗಿ, ಕೆಲವೇ ವರ್ಷಗಳಲ್ಲಿ ನಳಿಗೆಗೆ ತೂತು ಕೊರೆಯುವ ಕ್ರಮಕ್ಕೆ ಬದಲಾಯಿಸಿದರು.

‘ಲೋ-ಪ್ರೊಫೈಲ್’ ಏಕೆ ಬೇಕಾಯಿತು

ಎಆರ್-15ರ ಸೇನಾ ರೂಪವಾದ ಮೊದಲ ಎಂ16 ರೈಫಲ್‌ಗಳಲ್ಲಿ ಗ್ಯಾಸ್ ಬ್ಲಾಕ್ ಎಂಬ ಪ್ರತ್ಯೇಕ ವಸ್ತು ಇರಲಿಲ್ಲ. ಗುರಿ ಹಿಡಿಯುವ ಮುಂದಿನ ಸೈಟನ್ನು ಎತ್ತಿ ಹಿಡಿದಿದ್ದ ತ್ರಿಕೋನಾಕಾರದ ಗೋಪುರದ ಬುಡವೇ ಬ್ಲಾಕಿನ ಕೆಲಸ ಮಾಡುತ್ತಿತ್ತು. ಸೈಟ್ ಕೂದಲೆಳೆಯಷ್ಟೂ ಅಲುಗಬಾರದೆಂದು ಅದನ್ನು ಎರಡು ಟೇಪರ್ ಪಿನ್‌ಗಳಿಂದ ನಳಿಗೆಗೆ ಜಡಿಯುತ್ತಿದ್ದರು.

ದುರ್ಬೀನು ಮತ್ತು ಕೆಂಪು ಚುಕ್ಕೆಯ ಸೈಟುಗಳು ಸಾಮಾನ್ಯವಾದ ಮೇಲೆ ಆ ಗೋಪುರ ದೃಷ್ಟಿಗೆ ಅಡ್ಡ ಬರತೊಡಗಿತು. ಅದರ ಜೊತೆಗೇ ಇನ್ನೊಂದು ಬದಲಾವಣೆ ಬಂತು. ಕೈ ಹಿಡಿಯುವ ಕವಚ, ಎಂದರೆ ಹ್ಯಾಂಡ್‌ಗಾರ್ಡ್, ಹಿಂದೆ ನಳಿಗೆಗೇ ಒರಗಿ ನಿಲ್ಲುತ್ತಿತ್ತು. ಅದರ ಮೇಲೆ ಕೈಯ ಒತ್ತಡವೋ ಪಟ್ಟಿಯ ಎಳೆತವೋ ಬಿದ್ದರೆ ನಳಿಗೆಯ ಕಂಪನ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗುತ್ತಿತ್ತು. ತಂಬೂರಿಯ ತಂತಿಗೆ ಬೆರಳು ತಾಗಿದರೆ ನಾದ ಕೆಡುವ ಹಾಗೆ ಇದು. ಅದಕ್ಕಾಗಿ ಹಿಂದಿನ ತುದಿಯಲ್ಲಿ ಮಾತ್ರ ಬಿಗಿದು, ನಳಿಗೆಗೆ ಎಲ್ಲೂ ಸೋಕದಂತೆ ನಿಲ್ಲುವ ‘ಫ್ರೀ ಫ್ಲೋಟ್’ ಕವಚ ಬಂತು. ಅದು ಉದ್ದವಾಗುತ್ತ ಹೋಗಿ ಗ್ಯಾಸ್ ಪೋರ್ಟನ್ನೂ ದಾಟಿ ಮುಂದೆ ಚಾಚಿಕೊಂಡಿತು. ಆ ಕವಚದ ಅಡಿಯಲ್ಲಿ ಅಡಗಬಲ್ಲಷ್ಟು ಕುಳ್ಳಗಿನ, ಸೈಟಿನ ಹೊರೆ ಇಲ್ಲದ ಬ್ಲಾಕೇ ಲೋ-ಪ್ರೊಫೈಲ್ ಗ್ಯಾಸ್ ಬ್ಲಾಕ್. ಹೆಸರು ಹೇಳುವುದು ಎತ್ತರವನ್ನಷ್ಟೇ. ಗ್ಯಾಸ್ ಸಾಗಿಸುವ ಕೆಲಸದಲ್ಲಿ ಹಳೆಯದಕ್ಕೂ ಇದಕ್ಕೂ ಭೇದವಿಲ್ಲ.

ತೂತಿನ ಜಾಗ, ತೂತಿನ ಗಾತ್ರ

ಬ್ಲಾಕ್ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಬ್ಲಾಕಿನ ಬಗ್ಗೆ ಅಲ್ಲ, ನಳಿಗೆಯ ಬಗ್ಗೆ. ಪೋರ್ಟ್ ಎಲ್ಲಿದೆ ಎಂಬುದರ ಮೇಲೆ ನಾಲ್ಕು ವಾಡಿಕೆಯ ಉದ್ದಗಳಿವೆ: ಪಿಸ್ತೂಲ್, ಕಾರ್ಬೈನ್, ಮಿಡ್-ಲೆಂತ್, ರೈಫಲ್. ರಿಸೀವರ್ ಎಂಬ ಮುಖ್ಯ ಚೌಕಟ್ಟಿನಿಂದ ಅಳೆದರೆ ಇವು ಸುಮಾರಾಗಿ 4, 7, 9 ಮತ್ತು 12 ಅಂಗುಲ. ಗ್ಯಾಸ್ ಟ್ಯೂಬ್ ಇದಕ್ಕೆ ತಕ್ಕಂತೆಯೇ ಇರಬೇಕು.

ಪೋರ್ಟ್ ಹಿಂದೆ ಇದ್ದಷ್ಟೂ ಅಲ್ಲಿನ ಒತ್ತಡ ಹೆಚ್ಚು, ಮುಂದೆ ಹೋದಷ್ಟೂ ಕಡಿಮೆ. ಆದ್ದರಿಂದ ಅಮೆರಿಕದ ಸೇನೆಯ ಗಿಡ್ಡ ನಳಿಗೆಯ ಎಂ4ರಲ್ಲಿ ಪೋರ್ಟಿನ ವ್ಯಾಸ ಸುಮಾರು 1.6 ಮಿಲಿಮೀಟರ್ ಆದರೆ, 20 ಅಂಗುಲ ನಳಿಗೆಯ ಎಂ16ರಲ್ಲಿ ಸುಮಾರು 2.4 ಮಿಲಿಮೀಟರ್. ಒತ್ತಡ ಇಳಿದಿರುವಲ್ಲಿ ದೊಡ್ಡ ಬಾಯಿ ಬೇಕು.

ಇಷ್ಟೇ ಅಲ್ಲದೆ, ಪೋರ್ಟ್ ದಾಟಿದ ಮೇಲೆ ಗುಂಡು ಬಾಯಿಯಿಂದ ಹೊರಬೀಳುವವರೆಗಿನ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಗುಂಡು ನಳಿಗೆಯೊಳಗಿರುವವರೆಗೆ ಅದು ಬಿರಡೆಯಂತೆ ಬಾಯಿ ಮುಚ್ಚಿರುತ್ತದೆ, ಗ್ಯಾಸ್ ಟ್ಯೂಬಿಗೆ ನುಗ್ಗುತ್ತಿರುತ್ತದೆ. ಗುಂಡು ಹೊರಬಿದ್ದೊಡನೆ ಬಿರಡೆ ಕಿತ್ತಂತಾಗಿ ಒತ್ತಡ ಕುಸಿಯುತ್ತದೆ. ಎಂ16ರಲ್ಲಿಯೂ ಎಂ4ರಲ್ಲಿಯೂ ಪೋರ್ಟಿನ ಮುಂದೆ ಉಳಿಯುವ ನಳಿಗೆ ಸುಮಾರು 7 ಅಂಗುಲ. ಸೆಕೆಂಡಿಗೆ 900 ಮೀಟರ್ ಆಸುಪಾಸಿನ ವೇಗದಲ್ಲಿ ಅದನ್ನು ದಾಟಲು ಗುಂಡಿಗೆ ಬೇಕಾಗುವುದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಎರಡು. ಇಡೀ ಯಂತ್ರ ಓಡಬೇಕಾದದ್ದು ಆ ಅವಧಿಯಲ್ಲಿ ಒಳಗೆ ಬಂದ ಗ್ಯಾಸಿನಿಂದ.

ಅಮೆರಿಕದ 1934ರ ರಾಷ್ಟ್ರೀಯ ಬಂದೂಕು ಕಾನೂನು 16 ಅಂಗುಲಕ್ಕಿಂತ ಗಿಡ್ಡ ನಳಿಗೆಯ ರೈಫಲ್‌ಗಳನ್ನು ವಿಶೇಷ ನೋಂದಣಿಗೆ ಒಳಪಡಿಸಿದೆ, ಹಾಗಾಗಿ ಅಲ್ಲಿನ ನಾಗರಿಕರು ಹೆಚ್ಚಾಗಿ ಕೊಳ್ಳುವುದು 16 ಅಂಗುಲದ ನಳಿಗೆ. ಅದರಲ್ಲಿ ಕಾರ್ಬೈನ್ ಪೋರ್ಟ್ ಇದ್ದರೆ ಮುಂದೆ 8 ಅಂಗುಲಕ್ಕೂ ಹೆಚ್ಚು ನಳಿಗೆ ಉಳಿದು ಗ್ಯಾಸ್ ಅಗತ್ಯಕ್ಕಿಂತ ಜಾಸ್ತಿಯಾಗುತ್ತದೆ. ಮಿಡ್-ಲೆಂತ್‌ನಲ್ಲಿ ಉಳಿಯುವುದು 6 ಅಂಗುಲಕ್ಕೆ ತುಸು ಮೇಲೆ, ಭುಜಕ್ಕೆ ಬೀಳುವ ಧಕ್ಕೆಯೂ ಮೃದು. 16 ಅಂಗುಲಕ್ಕೆ ಮಿಡ್-ಲೆಂತ್ ಮೇಲೆಂದು ಅನುಭವಿಗಳು ಹೇಳುವುದು ಈ ಲೆಕ್ಕದಿಂದ.

ಆರಿಸುವಾಗ ನೋಡಬೇಕಾದದ್ದು

ನಳಿಗೆಯ ಮೇಲೆ ಬ್ಲಾಕ್ ಕೂರುವ ಭಾಗದ ವ್ಯಾಸ ಎಲ್ಲ ನಳಿಗೆಗಳಲ್ಲಿ ಒಂದೇ ಇರುವುದಿಲ್ಲ. ತೆಳು ನಳಿಗೆಗೆ 0.625 ಅಂಗುಲ, ಬಹುಪಾಲು ನಳಿಗೆಗಳಿಗೆ 0.750, ಗುರಿಸ್ಪರ್ಧೆಯ ದಪ್ಪ ನಳಿಗೆಗೆ 0.936 ಎಂಬುವು ಹೆಚ್ಚು ಬಳಕೆಯಲ್ಲಿರುವ ಅಳತೆಗಳು. ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದೇ ಕೊಳ್ಳಬೇಕು. ಬ್ಲಾಕ್ ಕೈಯಿಂದ ತಳ್ಳಿದರೆ ಜಾರಿ ಕೂರಬೇಕು, ಆದರೆ ಕೂತ ಮೇಲೆ ಅತ್ತಿತ್ತ ಗಡಗಡ ಅಲುಗಬಾರದು.

ಲೋಹದ ವಿಷಯದಲ್ಲಿ ನನ್ನ ಮಟ್ಟಿಗೆ ಚರ್ಚೆಗೆ ಹೆಚ್ಚು ಆಸ್ಪದವಿಲ್ಲ: ಉಕ್ಕೇ ಸರಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಉಕ್ಕಿನ ನಳಿಗೆ ಮತ್ತು ಅಲ್ಯೂಮಿನಿಯಂ ಬ್ಲಾಕ್ ಎರಡೂ 200 ಡಿಗ್ರಿಯಷ್ಟು ಬಿಸಿಯೇರಿದರೆ 19 ಮಿಲಿಮೀಟರ್ ವ್ಯಾಸದಲ್ಲಿ ಇವೆರಡರ ನಡುವೆ ಸುಮಾರು 0.04 ಮಿಲಿಮೀಟರ್ ಸಡಿಲ ಹುಟ್ಟುತ್ತದೆ. ಕೇಳಲು ಅಲ್ಪವೆನಿಸಿದರೂ ಆ ಒತ್ತಡದ ಗ್ಯಾಸಿಗೆ ಅದು ಬಾಗಿಲು ತೆರೆದ ಹಾಗೆ.

ಬ್ಲಾಕನ್ನು ನಳಿಗೆಗೆ ಹಿಡಿದಿಡುವ ಬಗೆ ಮೂರು. ಅತ್ಯಂತ ಸಾಮಾನ್ಯವಾದದ್ದು ಗ್ರಬ್ ಸ್ಕ್ರೂ: ಬ್ಲಾಕಿನ ತಳದಿಂದ ಎರಡು ತಲೆಯಿಲ್ಲದ ಸ್ಕ್ರೂಗಳು ನಳಿಗೆಯ ಹೊಟ್ಟೆಗೆ ಒತ್ತಿಕೊಳ್ಳುತ್ತವೆ. ಪೋರ್ಟ್ ಇರುವುದು ಮೇಲೆ, ಸ್ಕ್ರೂ ಇರುವುದು ಕೆಳಗೆ. ಸ್ಕ್ರೂ ಬಿಗಿದಷ್ಟೂ ಬ್ಲಾಕಿನ ಮೇಲ್ಭಾಗ ಕೆಳಕ್ಕೆ ಎಳೆದುಕೊಂಡು ಪೋರ್ಟಿನ ಸುತ್ತ ಅಪ್ಪಿ ಕೂರುತ್ತದೆ, ಎಂದರೆ ಬಿಗಿಯುವ ಕೆಲಸವೇ ಸೋರಿಕೆ ತಡೆಯುವ ಕೆಲಸವೂ ಆಗುತ್ತದೆ. ಎರಡನೆಯದು ಕ್ಲ್ಯಾಂಪ್: ತಳದಲ್ಲಿ ಸೀಳಿದ ಬ್ಲಾಕನ್ನು ಅಡ್ಡ ಸ್ಕ್ರೂಗಳು ಸುತ್ತಲೂ ಹಿಂಡಿ ಹಿಡಿಯುತ್ತವೆ. ಇದರಲ್ಲಿ ನಳಿಗೆಗೆ ಗಾಯವಾಗುವುದಿಲ್ಲ, ಜರುಗಿಸಿ ಸರಿಪಡಿಸುವುದು ಸುಲಭ, ಆದರೆ ಕೆಳಗೆ ದಪ್ಪವಾಗುವುದರಿಂದ ಇಕ್ಕಟ್ಟಾದ ಕವಚದೊಳಗೆ ಹಿಡಿಸದೆ ಹೋಗಬಹುದು. ಮೂರನೆಯದು ಪಿನ್: ಬ್ಲಾಕ್ ಮತ್ತು ನಳಿಗೆಯ ಅಂಚನ್ನು ಸೇರಿಸಿ ಅಡ್ಡಲಾಗಿ ಕೊರೆದು ಉಕ್ಕಿನ ಪಿನ್ ಜಡಿಯುವುದು. ಒರಟು ಬಳಕೆಗೆ ಇದಕ್ಕೆ ಸಾಟಿಯಿಲ್ಲ. ಒಮ್ಮೆ ತಪ್ಪಾಗಿ ಕೊರೆದರೆ ನಳಿಗೆಯೇ ಹಾಳಾಗುವುದರಿಂದ ಇದು ಕೊರೆಯುವಾಗ ಜಾಗ ತಪ್ಪದಂತೆ ಹಿಡಿದಿಡುವ ಸರಿಯಾದ ಜಿಗ್ ಇಟ್ಟುಕೊಂಡಿರುವ ಬಂದೂಕು ಕಮ್ಮಾರನ ಕೆಲಸ.

ಗ್ಯಾಸ್ ಹರಿವನ್ನು ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡಬಲ್ಲ ಬ್ಲಾಕುಗಳೂ ಸಿಗುತ್ತವೆ. ಇನ್ಸಾಸ್‌ನ ಗ್ಯಾಸ್ ರೆಗ್ಯುಲೇಟರ್ ಬಲ್ಲವರಿಗೆ ಇದರ ಉಪಯೋಗ ಗೊತ್ತೇ ಇದೆ. ಮಾಮೂಲಿ ಬಳಕೆಗೆ ಇದು ಬೇಕಿಲ್ಲ. ಮಸಿ ಹಿಡಿದು ಆ ಸ್ಕ್ರೂ ಕಚ್ಚಿಕೊಂಡರೆ ಹೊಸ ತಲೆನೋವು ಬೇರೆ.

ಯಾರು ಮಾಡಬಹುದು

ಇಲ್ಲಿಂದ ಮುಂದಿನ ವಿವರ ಅಮೆರಿಕದಂಥ ಕಡೆ ಕಾನೂನುಬದ್ಧವಾಗಿ ರೈಫಲ್ ಇಟ್ಟುಕೊಂಡವರಿಗೆ ಅನ್ವಯಿಸುವಂಥದು. ಅಲ್ಲಿಯೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟದ ಹಾಗೆ ದುರಸ್ತಿ, ಮಾರ್ಪಾಟುಗಳ ವ್ಯವಹಾರಕ್ಕೂ ಪರವಾನಗಿ ಬೇಕು, ಮತ್ತು ಸೇನಾ ಮಾದರಿಯ ರೈಫಲ್‌ಗಳು ಸಾಮಾನ್ಯ ನಾಗರಿಕರಿಗೆ ದೊರೆಯುವುದೇ ಇಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆಯಾದರೂ, ಕೈಲ್‌ಪೊಳ್ದಿಗೆ ಹೂವಿಟ್ಟು ಪೂಜಿಸುವ ಒಂಟಿನಳಿಗೆ, ಜೋಡುನಳಿಗೆ ಕೋವಿಗಳಲ್ಲಿ ಗ್ಯಾಸ್ ಬ್ಲಾಕಿನ ಪ್ರಶ್ನೆಯೇ ಏಳುವುದಿಲ್ಲ.

ಕೂರಿಸುವ ಬಗೆ

ಮ್ಯಾಗಜಿನ್ ಕಳಚಿ, ಕೋಣೆ ಖಾಲಿಯಿರುವುದನ್ನು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡು, ರೈಫಲ್‌ನ ಮೇಲ್ಭಾಗವನ್ನು ಕೆಳಭಾಗದಿಂದ ಬೇರ್ಪಡಿಸಿ, ತೋಟಾಗಳನ್ನು ಕೆಲಸ ಮಾಡುವ ಕೊಠಡಿಯಿಂದಲೇ ಹೊರಗಿಟ್ಟ ಮೇಲೆ ಕೆಲಸ ಆರಂಭವಾಗುತ್ತದೆ. ಕವಚವನ್ನೂ ನಳಿಗೆಯ ಬಾಯಿಗೆ ತಿರುಗಿಸಿರುವ ಮೂತಿಯನ್ನೂ ಬಿಚ್ಚಬೇಕು, ಏಕೆಂದರೆ ಬ್ಲಾಕ್ ಬರುವುದು ಬಾಯಿಯ ಕಡೆಯಿಂದ.

ಟ್ಯೂಬನ್ನು ಮೊದಲು ಬ್ಲಾಕಿಗೆ ಸೇರಿಸಿ, ಅದರ ಒಂದು ಬದಿಯಲ್ಲಿ ಮಾತ್ರ ಇರುವ ಗ್ಯಾಸ್ ಕಿಂಡಿ ಕೆಳಮುಖವಾಗಿ ಬ್ಲಾಕಿನ ಕಿಂಡಿಗೆ ಹೊಂದುವಂತೆ ತಿರುಗಿಸಿ, 5/64 ಅಂಗುಲದ ರೋಲ್ ಪಿನ್ ಜಡಿಯಬೇಕು. ಈ ಪುಟ್ಟ ಪಿನ್ ಕೈಜಾರಿ ನೆಲದ ಮೇಲೆ ಉರುಳಿ ಕಾಣೆಯಾಗದ ಕಾರ್ಯಾಗಾರ ಇರಲಾರದು. ಒಂದು ಹೆಚ್ಚಿಗೆ ತರಿಸಿಟ್ಟುಕೊಳ್ಳುವುದು ಜಾಣತನ.

ಮುಂದಿನದು ಈ ಕೆಲಸದ ನಿಜವಾದ ಪರೀಕ್ಷೆ. ಬ್ಲಾಕ್ ಕೂತೊಡನೆ ಪೋರ್ಟ್ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ತೂತಿನ ಮೇಲೆ ತೂತು ಬಂದಿದೆಯೇ ಎಂದು ನೋಡಲು ಆಗುವುದಿಲ್ಲ. ಬಡಗಿ ಮಾಡುವ ಹಾಗೆ ಮೊದಲೇ ಗುರುತು ಹಾಕಿಕೊಳ್ಳಬೇಕು. ಪೋರ್ಟಿನ ನಡುವಿನಿಂದ ಹಾಯುವಂತೆ ನಳಿಗೆಯ ಉದ್ದಕ್ಕೆ ಒಂದು ಪೆನ್ಸಿಲ್ ಗೆರೆ ಎಳೆದು, ಅದು ಬ್ಲಾಕಿನ ಮುಂದೆಯೂ ಹಿಂದೆಯೂ ಕಾಣುವಷ್ಟು ಚಾಚಿರಬೇಕು. ಬ್ಲಾಕಿನ ನೆತ್ತಿಯ ನಡುವೆ ಹಾಕಿದ ಗುರುತು ಆ ಗೆರೆಗೆ ಸೇರಿದರೆ ಎಡ-ಬಲ ಸರಿಯಾಯಿತು.

ಹಿಂದೆ-ಮುಂದೆ ಸರಿಮಾಡುವಲ್ಲಿ ಒಂದು ಮೋಸವಿದೆ. ನಳಿಗೆಯಲ್ಲಿ ಪೋರ್ಟಿನ ಹಿಂದೆ ಒಂದು ಮೆಟ್ಟಿಲು ಇರುತ್ತದೆ, ಬ್ಲಾಕನ್ನು ಅದಕ್ಕೆ ತಾಗುವವರೆಗೆ ತಳ್ಳಿದರೆ ಸಾಕೆಂದು ಯಾರಿಗಾದರೂ ಅನಿಸುತ್ತದೆ. ಆದರೆ ಹಳೆಯ ವಿನ್ಯಾಸದಲ್ಲಿ ಆ ಮೆಟ್ಟಿಲಿಗೂ ಸೈಟ್ ಗೋಪುರಕ್ಕೂ ನಡುವೆ ಕವಚವನ್ನು ಹಿಡಿಯುವ ಒಂದು ತಗಡಿನ ಬಿಲ್ಲೆ ಇರುತ್ತಿತ್ತು, ಹೆಚ್ಚಿನ ನಳಿಗೆಗಳನ್ನು ಇಂದಿಗೂ ಆ ಬಿಲ್ಲೆಯ ದಪ್ಪವನ್ನು ಲೆಕ್ಕ ಹಿಡಿದೇ ಕೊರೆಯುತ್ತಾರೆ. ಬಿಲ್ಲೆ ಇಲ್ಲದ ಲೋ-ಪ್ರೊಫೈಲ್ ಬ್ಲಾಕನ್ನು ಮೆಟ್ಟಿಲಿಗೆ ತಾಗಿಸಿದರೆ ತೂತು ಅಷ್ಟು ಹಿಂದಕ್ಕೆ ಜರುಗುತ್ತದೆ. ಆ ಅಂತರ ಹೆಚ್ಚುಕಡಿಮೆ ಒಂದು ಎಟಿಎಂ ಕಾರ್ಡಿನ ದಪ್ಪ, ಸುಮಾರು 0.76 ಮಿಲಿಮೀಟರ್, ಅನೇಕರು ಕಾರ್ಡನ್ನೇ ಮೆಟ್ಟಿಲಿಗೂ ಬ್ಲಾಕಿಗೂ ನಡುವೆ ಇಟ್ಟು ಬಿಗಿದು ಆಮೇಲೆ ಎಳೆದುಕೊಳ್ಳುತ್ತಾರೆ. ಇದನ್ನು ಕಣ್ಣುಮುಚ್ಚಿ ಪಾಲಿಸಬಾರದು, ಕೆಲವು ತಯಾರಕರು ಬಿಲ್ಲೆಯ ಲೆಕ್ಕವನ್ನು ಬಿಟ್ಟೇ ಕೊರೆದಿರುತ್ತಾರೆ. ಮೆಟ್ಟಿಲಿನಿಂದ ಪೋರ್ಟಿನ ನಡುವಿಗೂ, ಬ್ಲಾಕಿನ ಹಿಂದಿನ ಅಂಚಿನಿಂದ ಅದರ ಕಿಂಡಿಯ ನಡುವಿಗೂ ಇರುವ ಅಂತರ ಅಳೆದು ಕಳೆದರೆ ಸಂಶಯ ಉಳಿಯುವುದಿಲ್ಲ. ಬ್ಲಾಕಿನ ಕಿಂಡಿಯನ್ನು ಸಾಮಾನ್ಯವಾಗಿ ಪೋರ್ಟಿಗಿಂತ ದೊಡ್ಡದಾಗಿಯೇ ಇಟ್ಟಿರುವುದರಿಂದ ತೀರ ಸಣ್ಣ ತಪ್ಪು ಮನ್ನಾ ಆಗುತ್ತದೆ.

ಗ್ರಬ್ ಸ್ಕ್ರೂ ಬ್ಲಾಕಾದರೆ ಎರಡೂ ಸ್ಕ್ರೂಗಳನ್ನು ಹದವಾಗಿ ಬಿಗಿದು, ಮತ್ತೆ ಬಿಚ್ಚಿ ನೋಡಿದಾಗ ನಳಿಗೆಯ ತಳದಲ್ಲಿ ಸ್ಕ್ರೂ ಕಚ್ಚಿದ ಗುರುತು ಕಾಣುತ್ತದೆ. ಆ ಗುರುತಿನಲ್ಲಿ ಒಂದು ಸಣ್ಣ ಗುಳಿ ತೋಡಿದರೆ ಸ್ಕ್ರೂ ತುದಿ ಅದರಲ್ಲಿ ಇಳಿದು ನಿಲ್ಲುತ್ತದೆ, ಬ್ಲಾಕ್ ಜರುಗುವುದಿಲ್ಲ. ಗುಳಿ ಎಷ್ಟು ಆಳ ಹೋಗಬಹುದೆಂಬುದಕ್ಕೆ ಮಿತಿಯಿದೆ, ಏಕೆಂದರೆ ಅಲ್ಲಿ ನಳಿಗೆಯ ಗೋಡೆ ಒಳಗಿನ ಒತ್ತಡವನ್ನು ತಡೆದುಕೊಂಡಿರುತ್ತದೆ; ಅಳತೆ ನಿಲ್ಲಿಸುವ ಜಿಗ್ ಇಲ್ಲದವರು ಇದನ್ನು ಕಮ್ಮಾರನಿಗೆ ಬಿಡುವುದು ಮೇಲು, ಅಥವಾ ಗುಳಿ ತೋಡಿಯೇ ಬರುವ ನಳಿಗೆ ಕೊಳ್ಳಬಹುದು. ಸ್ಕ್ರೂ ಸಡಿಲಾಗದಿರಲು ಹಚ್ಚುವ ಮಾಮೂಲಿ ಅಂಟುಗಳು ನಳಿಗೆಯ ಬಿಸಿಗೆ ಮೆತ್ತಗಾಗುತ್ತವೆ. ಅದಕ್ಕೆಂದೇ ಇರುವ ಸೆರಾಮಿಕ್ ಜಾತಿಯ ರಾಕ್‌ಸೆಟ್‌ನಂಥ ಅಂಟು ಬಿಸಿ ತಡೆಯುತ್ತದೆ, ಬಿಚ್ಚಬೇಕಾದಾಗ ನೀರಿನಲ್ಲಿ ನೆನೆಸಿದರೆ ಬಿಡುತ್ತದೆ.

ಕೊನೆಯದಾಗಿ ಬೋಲ್ಟ್ ಕ್ಯಾರಿಯರನ್ನು ಕೈಯಲ್ಲೇ ಹಿಂದೆ ಮುಂದೆ ಆಡಿಸಬೇಕು. ಪೆನ್ನಿಗೆ ಮುಚ್ಚಳ ಹಾಕಿದಂತೆ ಅದು ಟ್ಯೂಬಿನ ತುದಿಯ ಮೇಲೆ ಸಲೀಸಾಗಿ ಏರಬೇಕು. ಎಲ್ಲಿಯಾದರೂ ತಡೆದರೆ ಬ್ಲಾಕ್ ಸ್ವಲ್ಪ ಓರೆಯಾಗಿ ಕೂತಿದೆ ಎಂದು ಅರ್ಥ.

ಸರಿಯಾಗಿದೆಯೆಂದು ತಿಳಿಯುವುದು ಹೇಗೆ

ರೇಂಜಿನಲ್ಲಿ ಮ್ಯಾಗಜಿನ್‌ಗೆ ಒಂದೇ ತೋಟಾ ಹಾಕಿ ಹಾರಿಸಿ ನೋಡುವುದು ರೂಢಿ. ಗ್ಯಾಸ್ ಸಾಕಷ್ಟು ಬಂದಿದ್ದರೆ ಕ್ಯಾರಿಯರ್ ಪೂರ್ತಿ ಹಿಂದಕ್ಕೆ ಹೋಗಿ, ಮ್ಯಾಗಜಿನ್ ಖಾಲಿಯೆಂದು ತಿಳಿದು, ಅಲ್ಲಿಯೇ ಸಿಕ್ಕಿ ನಿಲ್ಲುತ್ತದೆ. ನಿಲ್ಲದೆ ಮುಂದೆ ಮುಚ್ಚಿಕೊಂಡರೆ ಗ್ಯಾಸ್ ಸಾಲದು: ಬ್ಲಾಕ್ ಜರುಗಿರಬಹುದು, ಸೋರುತ್ತಿರಬಹುದು, ಟ್ಯೂಬಿನ ಕಿಂಡಿ ತಿರುಗಿರಬಹುದು. ಖಾಲಿ ತೋಟಾ ಹಾರುವ ದಿಕ್ಕೂ ಸುಳಿವು ಕೊಡುತ್ತದೆ. ಗಡಿಯಾರದ ಹನ್ನೆರಡು ಮುಂದಿದೆಯೆಂದುಕೊಂಡರೆ ಮೂರು-ನಾಲ್ಕರ ಕಡೆಗೆ ಬೀಳುವುದು ಒಳ್ಳೆಯದು. ಒಂದು-ಎರಡರತ್ತ ಬಿರುಸಾಗಿ ಎಸೆದರೆ ಗ್ಯಾಸ್ ಜಾಸ್ತಿ, ಐದರತ್ತ ನಿಸ್ತೇಜವಾಗಿ ಉದುರಿದರೆ ಕಡಿಮೆ. ಸ್ಪ್ರಿಂಗಿನ ಬಲ, ತೋಟಾದ ತಯಾರಿಕೆ ಮುಂತಾದವೂ ಇದನ್ನು ಬದಲಾಯಿಸುವುದರಿಂದ ಒಂದೇ ಗುರುತನ್ನು ನಂಬಿ ಬ್ಲಾಕ್ ಬಿಚ್ಚಲು ಹೋಗಬಾರದು.

ಹೊಸ ಬ್ಲಾಕಿನ ಅಂಚಿನಲ್ಲಿ ಮೊದಲ ಕೆಲವು ಈಡುಗಳಲ್ಲಿ ತುಸು ಮಸಿ ಕಾಣುವುದು ಸಹಜ. ಅದೇ ಮಸಿ ಸಂದಿನಲ್ಲಿ ಗಟ್ಟಿಯಾಗಿ ಸೋರಿಕೆಯನ್ನು ತಾನೇ ಮುಚ್ಚಿಬಿಡುತ್ತದೆ. ಮುಂದೊಂದು ದಿನ ಯಾವ ಕಾರಣಕ್ಕೋ ಬ್ಲಾಕ್ ಬಿಚ್ಚಿದಾಗ, ಮುಚ್ಚಿಹೋಗಿದ್ದ ಜಾಗ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಪೋರ್ಟಿನ ಸುತ್ತ ಬ್ಲಾಕಿನ ಕಿಂಡಿಯಷ್ಟೇ ಅಗಲದ, ಎಲ್ಲ ಕಡೆಯೂ ಸಮನಾದ ಕರಿಯ ಉಂಗುರ ಅಚ್ಚಾಗಿದ್ದರೆ ಪೆನ್ಸಿಲ್ ಗೆರೆ ಸರಿಯಾಗಿತ್ತು. ಉಂಗುರ ಅರ್ಧಚಂದ್ರನಂತೆ ಒಂದು ಬದಿಗೆ ವಾಲಿದ್ದರೆ, ಮರಳಿ ಕೂರಿಸುವಾಗ ಬ್ಲಾಕನ್ನು ಎಷ್ಟು ಮತ್ತು ಯಾವ ಕಡೆಗೆ ಸರಿಸಬೇಕು ಎಂಬುದು ಆ ಮಸಿಯಲ್ಲೇ ಬರೆದಿರುತ್ತದೆ.